ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಪಡಿತರ ಚೀಟಿಯಿಂದ ಆಸ್ಪತ್ರೆಯ ಬಿಡುಗಡೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕಮ್ಮನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕು, ಹದಿನೈದು ದಿನದೊಳಗೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿದಾಗ ಅವರ ಕೈಚೀಲದಲ್ಲಿ ಆಯುಷ್ಮಾನ್ ಕಾರ್ಡ್ ಇತ್ತು. ಆದರೂ ಅವರ ಮಗ ಊರಲ್ಲಿ ಕೈಸಾಲ ಮಾಡಿ, ಖಾಸಗಿ ಆಸ್ಪತ್ರೆಯೊಂದಕ್ಕೆ ನೇರವಾಗಿ ಕರೆದೊಯ್ದು, ಒಂದೂಮುಕ್ಕಾಲು ಲಕ್ಷ ರೂಪಾಯಿ ಕಟ್ಟಿ ಚಿಕಿತ್ಸೆ ಮಾಡಿಸಿದ. ಮನೆಗೆ ಬಂದ ಮೂರನೆಯ ದಿನ, "ಅಣ್ಣಾ, ಈ ಬಿಲ್ಲಿನ ದುಡ್ಡು ಸರ್ಕಾರದಿಂದ ವಾಪಸು ಬರುತ್ತದಂತೆ, ಅರ್ಜಿ ಎಲ್ಲಿ ಸಿಗುತ್ತದೆ?" ಎಂದು ನನ್ನನ್ನು ಕೇಳಿದ. ಅಂಥ ಅರ್ಜಿಯೇ ಇಲ್ಲವೆಂದು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ಒಂದು ರೆಫರಲ್ ಪತ್ರ (ಬೇರೆ ಆಸ್ಪತ್ರೆಗೆ ಕಳುಹಿಸುವ ವೈದ್ಯರ ಶಿಫಾರಸು) ತರಲು ಅವನಿಗೆ ಹದಿನೈದು ದಿನಗಳಿದ್ದವು, ಆದರೆ ಅಂಥದ್ದೊಂದು ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಯೋಜನೆಯಲ್ಲಿ ಅರ್ಹತೆ ಇದ್ದೂ ಸೌಲಭ್ಯ ಕಳೆದುಕೊಳ್ಳುವವರಲ್ಲಿ ನಾನು ಕಂಡಿರುವ ಹೆಚ್ಚಿನವರಿಗೆ ಕಾರ್ಡಿನ ಕೊರತೆ ಇರಲಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಇಲ್ಲಿ ಆ ಕ್ರಮವನ್ನೇ ಹಿಡಿದು ವಿವರಿಸಿದ್ದೇನೆ.

ಯೋಜನೆ ಏನು, ಏನಲ್ಲ

ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು 2018ರ ಸೆಪ್ಟೆಂಬರ್ 23ರಂದು ಜಾರ್ಖಂಡಿನ ರಾಂಚಿಯಲ್ಲಿ ಆರಂಭವಾಯಿತು. ಅದಕ್ಕೂ ಆರು ತಿಂಗಳು ಮೊದಲೇ, ಆ ವರ್ಷದ ಮಾರ್ಚ್‌ನಲ್ಲಿ, ಕರ್ನಾಟಕ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ, ಯಶಸ್ವಿನಿ, ರಾಜೀವ್ ಆರೋಗ್ಯ ಭಾಗ್ಯ ಮುಂತಾದ ಹಳೆಯ ಯೋಜನೆಗಳನ್ನು ಒಟ್ಟುಗೂಡಿಸಿ 'ಆರೋಗ್ಯ ಕರ್ನಾಟಕ'ವನ್ನು ಜಾರಿಗೆ ತಂದಿತ್ತು. 2018ರ ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. 2023ರ ಡಿಸೆಂಬರ್‌ನಿಂದ ಕಾರ್ಡಿನ ಮೇಲೆ ಪ್ರಧಾನಮಂತ್ರಿ ಮತ್ತು ಮುಖ್ಯಮಂತ್ರಿ ಇಬ್ಬರ ಪದನಾಮಗಳನ್ನೂ ಹೊತ್ತ ಉದ್ದನೆಯ ಹೆಸರು ಬಂದಿದೆ. ಹಳ್ಳಿಗಳಲ್ಲಿ ಇದನ್ನು ಈಗಲೂ 'ಯಶಸ್ವಿನಿ ಕಾರ್ಡು' ಎಂದೇ ಕರೆಯುವವರಿದ್ದಾರೆ. ಆದರೆ ಯಶಸ್ವಿನಿ ಸಹಕಾರ ಸಂಘಗಳ ಸದಸ್ಯರಿಗಾಗಿ ಮತ್ತೆ ಪ್ರತ್ಯೇಕವಾಗಿ ಆರಂಭಗೊಂಡಿರುವುದರಿಂದ ಆಸ್ಪತ್ರೆಯ ಕೌಂಟರಿನಲ್ಲಿ ಸರಿಯಾದ ಹೆಸರು ಹೇಳುವುದು ಒಳ್ಳೆಯದು.

ಜನ ಇದನ್ನು ವಿಮೆ ಎನ್ನುತ್ತಾರೆ. ಗೊಂದಲ ಹುಟ್ಟುವುದು ಆ ಪದದಿಂದಲೇ ಎಂದು ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ ಇದರ ಹಿಂದೆ ಯಾವ ವಿಮಾ ಕಂಪನಿಯೂ ಇಲ್ಲ, ಫಲಾನುಭವಿಯು ಪ್ರೀಮಿಯಂ ಕಟ್ಟುವುದೂ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ರತಿಯೊಂದು ಚಿಕಿತ್ಸೆಗೂ ಒಂದು ಪ್ಯಾಕೇಜ್ ದರವನ್ನು ಗೊತ್ತುಮಾಡಿ, ಆ ಮೊತ್ತವನ್ನು ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ನೇರವಾಗಿ ಪಾವತಿಸುತ್ತದೆ. ಹಣ ರೋಗಿಯ ಕೈಗೆ ಬರುವುದೇ ಇಲ್ಲ. ಆದ್ದರಿಂದ ಖಾಸಗಿ ವಿಮೆಯಲ್ಲಿ ಮಾಡುವಂತೆ ಮೊದಲು ಕಟ್ಟಿ ಆಮೇಲೆ ಬಿಲ್ಲು ಸಲ್ಲಿಸುವ ದಾರಿ ಇಲ್ಲಿಲ್ಲ.

ಇನ್ನೆರಡು ಸಂಗತಿಗಳನ್ನು ಆರಂಭದಲ್ಲೇ ತಿಳಿದಿರಬೇಕು. ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಡಯಾಲಿಸಿಸ್, ಕಿಮೋಥೆರಪಿಯಂಥ ಒಂದು ಹಗಲಿನಲ್ಲಿ ಮುಗಿಯುವ ಚಿಕಿತ್ಸೆಗಳೂ ಇದರಲ್ಲಿ ಸೇರುತ್ತವೆ, ಆದರೆ ಹೊರರೋಗಿಯಾಗಿ ವೈದ್ಯರಿಗೆ ತೋರಿಸಿಕೊಂಡ ಶುಲ್ಕ, ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ, ಬಂಜೆತನದ ಚಿಕಿತ್ಸೆ ಸೇರುವುದಿಲ್ಲ. ಎರಡನೆಯದಾಗಿ, ಮೊದಲಿನಿಂದಲೇ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇದೆ. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ ಎಂಬ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ. ವಯಸ್ಸಿನ ಮಿತಿಯಾಗಲಿ, ಕುಟುಂಬದ ಸದಸ್ಯರ ಸಂಖ್ಯೆಯ ಮಿತಿಯಾಗಲಿ ಇಲ್ಲ.

ಮೊದಲ ಹೆಜ್ಜೆ: ಪಡಿತರ ಚೀಟಿಯನ್ನು ಮೇಜಿನ ಮೇಲಿಟ್ಟು ಓದಿ

ದೇಶದ ಮಟ್ಟದಲ್ಲಿ ಫಲಾನುಭವಿಗಳನ್ನು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಆಧಾರದ ಮೇಲೆ ಗುರುತಿಸಲಾಗಿತ್ತು. ಕರ್ನಾಟಕದಲ್ಲಿ ವ್ಯವಹಾರದಲ್ಲಿ ಎಲ್ಲವೂ ನಿಂತಿರುವುದು ಪಡಿತರ ಚೀಟಿಯ ಮೇಲೆ. ಅಂತ್ಯೋದಯ ಮತ್ತು ಬಿಪಿಎಲ್ ಚೀಟಿಯಿರುವ ಕುಟುಂಬಗಳು 'ಅರ್ಹ' ವರ್ಗಕ್ಕೆ ಸೇರುತ್ತವೆ. ಅವರಿಗೆ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಗಳು 'ಸಾಮಾನ್ಯ' ವರ್ಗಕ್ಕೆ ಸೇರುತ್ತವೆ. ಅವರ ಚಿಕಿತ್ಸೆಯ ಪ್ಯಾಕೇಜ್ ದರದಲ್ಲಿ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದಕ್ಕೂ ವರ್ಷಕ್ಕೆ 1.5 ಲಕ್ಷ ರೂಪಾಯಿಯ ಮಿತಿ ಇದೆ. ಅಂದರೆ ಪ್ಯಾಕೇಜ್ ದರ 1 ಲಕ್ಷವಾದರೆ 30 ಸಾವಿರ ಸರ್ಕಾರದ್ದು, 70 ಸಾವಿರ ರೋಗಿಯದು. "ಶೇ. 30 ಯಾವ ಮೂಲೆಗೆ?" ಎಂದು ಎಪಿಎಲ್ ಕುಟುಂಬದವರು ಈ ಯೋಜನೆಯನ್ನು ಪೂರ್ತಿ ಮರೆತೇಬಿಡುತ್ತಾರೆ. ಲೆಕ್ಕ ಆಸ್ಪತ್ರೆಯ ಸ್ವಂತ ದರದ ಮೇಲಲ್ಲ, ಪ್ಯಾಕೇಜ್ ದರದ ಮೇಲೆ ನಡೆಯುತ್ತದೆ ಎಂಬುದನ್ನು ಗಮನಿಸಿದರೆ ಅದು ಸಣ್ಣ ನೆರವಲ್ಲವೆಂದು ತಿಳಿಯುತ್ತದೆ.

ಇಲ್ಲಿ 5 ಲಕ್ಷವೆಂಬುದು ತಲೆಗೆ ಇಷ್ಟೆಂದು ಹಂಚಿದ ಮೊತ್ತವಲ್ಲ. ಇಡೀ ಕುಟುಂಬಕ್ಕೆ ಅದೊಂದೇ ಗಡಿಗೆ. ತಂದೆಯ ಹೃದಯ ಶಸ್ತ್ರಚಿಕಿತ್ಸೆಗೆ 3 ಲಕ್ಷ ಖರ್ಚಾದರೆ ಆ ವರ್ಷ ಉಳಿದವರೆಲ್ಲರಿಗೂ ಸೇರಿ 2 ಲಕ್ಷ ಉಳಿಯುತ್ತದೆ.

ಈಗ ಚೀಟಿಯನ್ನು ಕೈಗೆತ್ತಿಕೊಂಡು ಮೂರು ವಿಷಯಗಳನ್ನು ಪರಿಶೀಲಿಸಬೇಕು. ಚೀಟಿ ಇನ್ನೂ ಬಿಪಿಎಲ್ ಆಗಿಯೇ ಉಳಿದಿದೆಯೇ ಎಂಬುದು ಮೊದಲನೆಯದು. ಆಹಾರ ಇಲಾಖೆಯ ಪರಿಷ್ಕರಣೆಯಲ್ಲಿ ಚೀಟಿ ಎಪಿಎಲ್‌ಗೆ ಬದಲಾಗಿರುವುದು ಎಷ್ಟೋ ಮನೆಗಳಿಗೆ ತಿಳಿಯುವುದು ಆಸ್ಪತ್ರೆಯ ಕೌಂಟರಿನಲ್ಲೇ. ಎರಡನೆಯದು, ಮನೆಯ ಎಲ್ಲರ ಹೆಸರೂ ಅದರಲ್ಲಿ ಇದೆಯೇ ಎಂಬುದು. ಹೊಸದಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ, ಮೂರು ವರ್ಷದ ಮೊಮ್ಮಗುವಿನ ಹೆಸರು ಎಲ್ಲಿಯೂ ಇರುವುದಿಲ್ಲ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು: ಚೀಟಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಹೊಂದುತ್ತವೆಯೇ ಎಂಬುದು. ನಮ್ಮ ಓಣಿಯ ಅಜ್ಜಿಯೊಬ್ಬರು ಆಧಾರ್‌ನಲ್ಲಿ 'ಗಂಗವ್ವ', ಪಡಿತರ ಚೀಟಿಯಲ್ಲಿ 'ಗಂಗಮ್ಮ'. ಒಂದರಲ್ಲಿ ಹುಟ್ಟಿದ ವರ್ಷ ಇನ್ನೊಂದಕ್ಕಿಂತ ಆರು ವರ್ಷ ಮುಂದಿತ್ತು. ಮನುಷ್ಯರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಂಥ ತಿದ್ದುಪಡಿಗಳಿಗೆ ವಾರಗಳು ಹಿಡಿಯುತ್ತವೆ. ರೋಗಿ ಹಾಸಿಗೆಯ ಮೇಲಿರುವಾಗ ಆಧಾರ್ ಕೇಂದ್ರಕ್ಕೂ ಆಹಾರ ಇಲಾಖೆಯ ಕಚೇರಿಗೂ ಅಲೆಯುವ ಬದಲು, ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು.

70 ವರ್ಷ ದಾಟಿದವರ ಪ್ರಶ್ನೆ ಬೇರೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು ಈ ವಯಸ್ಸಿನ ಎಲ್ಲರಿಗೂ, ಆದಾಯವನ್ನು ನೋಡದೆ, 'ಆಯುಷ್ಮಾನ್ ವಯ ವಂದನಾ' ಕಾರ್ಡಿನ ಮೂಲಕ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯನ್ನು ಘೋಷಿಸಿತು. ವಯಸ್ಸಿಗೆ ಆಧಾರ್‌ನಲ್ಲಿರುವುದೇ ಪ್ರಮಾಣ. ಕೇಂದ್ರ ಸರ್ಕಾರಿ ನೌಕರರ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿರುವವರು ಅದು ಬೇಕೋ ಇದು ಬೇಕೋ ಎಂದು ಆಯ್ದುಕೊಳ್ಳಬೇಕಾಗುತ್ತದೆ. ಇಎಸ್‌ಐ ಅಥವಾ ಖಾಸಗಿ ವಿಮೆ ಇರುವವರಿಗೆ ಆ ನಿರ್ಬಂಧವಿಲ್ಲ. ಆಸ್ಪತ್ರೆಗಳ ನೋಂದಣಿಯೂ ಪಾವತಿಯೂ ರಾಜ್ಯಗಳ ಕೈಯಲ್ಲಿರುವುದರಿಂದ, ಕಾರ್ಡ್ ಬಂದಿದೆ ಎಂದ ಮಾತ್ರಕ್ಕೆ ಹೊರಡದೆ, ಹೋಗಬೇಕೆಂದಿರುವ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿ) ಕೇಳಿಕೊಂಡೇ ಹೊರಡುವುದು ಲೇಸು.

ಎರಡನೆಯ ಹೆಜ್ಜೆ: ಕಾರ್ಡ್ ಮಾಡಿಸುವುದು

ಕಾರ್ಡನ್ನು ಕುಟುಂಬಕ್ಕೊಂದರಂತೆ ಕೊಡುವುದಿಲ್ಲ; ಪ್ರತಿಯೊಬ್ಬ ಸದಸ್ಯರಿಗೂ ಬೇರೆ ಬೇರೆ ಮಾಡಿಸಬೇಕು, ಕೈಗೂಸಿಗೂ ಸೇರಿಸಿ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಅಥವಾ ನೋಂದಾಯಿತ ಆಸ್ಪತ್ರೆಗಳಲ್ಲಿ ಆಧಾರ್ ಮತ್ತು ಪಡಿತರ ಚೀಟಿ ತೋರಿಸಿ ಮಾಡಿಸಬಹುದು. ಸ್ಮಾರ್ಟ್‌ಫೋನ್ ಇರುವವರು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ 'ಆಯುಷ್ಮಾನ್' ಆ್ಯಪ್‌ನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಆ್ಯಪ್ ತೆರೆದು ಫಲಾನುಭವಿ ಎಂದು ಆಯ್ದುಕೊಂಡು, ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯಿಂದ ಒಳಗೆ ಹೋಗಬೇಕು. ರಾಜ್ಯ, ಜಿಲ್ಲೆ ಆಯ್ದು ಆಧಾರ್ ಸಂಖ್ಯೆಯಿಂದ ಹುಡುಕಿದರೆ ಕುಟುಂಬದ ಸದಸ್ಯರ ಪಟ್ಟಿ ಕಾಣುತ್ತದೆ. ಕಾರ್ಡ್ ಆಗದವರ ಹೆಸರಿನ ಮುಂದೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆರಂಭಿಸಿ, ಒಟಿಪಿ, ಬೆರಳಚ್ಚು, ಕಣ್ಣಿನ ಪಾಪೆ ಅಥವಾ ಮುಖ ಗುರುತಿನ ಮೂಲಕ ದೃಢೀಕರಿಸಿ, ಸ್ಥಳದಲ್ಲೇ ಫೋಟೊ ತೆಗೆದು ಸಲ್ಲಿಸಬೇಕು. ವಿವರಗಳು ಚೆನ್ನಾಗಿ ಹೊಂದಿದರೆ ಅನುಮೋದನೆ ತಾನಾಗಿಯೇ ಆಗುತ್ತದೆ. ಹೊಂದದಿದ್ದರೆ ಅಧಿಕಾರಿಗಳ ಪರಿಶೀಲನೆಗೆ ಹೋಗುತ್ತದೆ.

ಬೆರಳಚ್ಚಿನ ವಿಷಯದಲ್ಲಿ ಒಂದು ಮಾತು. ಹೊಲದಲ್ಲಿ ಕಳೆ ಕಿತ್ತ, ಬೀಡಿ ಕಟ್ಟಿದ, ಪಾತ್ರೆ ತಿಕ್ಕಿದ ಕೈಗಳ ಗೆರೆಗಳು ಸವೆದಿರುತ್ತವೆ. ಗ್ರಾಮ ಒನ್‌ನಲ್ಲಿ ಅಜ್ಜಿಯ ಹೆಬ್ಬೆರಳನ್ನು ಯಂತ್ರದ ಮೇಲೆ ಐದಾರು ಸಲ ಒತ್ತಿಸಿದರೂ ಕೆಂಪು ದೀಪವೇ ಬರುತ್ತಿತ್ತು. ಒದ್ದೆ ಬಟ್ಟೆಯಿಂದ ಬೆರಳೊರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳನ್ನು ಬಿಟ್ಟು ಉಂಗುರದ ಬೆರಳನ್ನಿಟ್ಟಾಗ ಹಿಡಿಯಿತು. ಅದೂ ಆಗದಿದ್ದರೆ ಒಟಿಪಿ ಅಥವಾ ಮುಖ ಗುರುತನ್ನು ಬಳಸುವಂತೆ ಕೇಳಬೇಕು. ಒಟಿಪಿ ಬರಬೇಕಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಕಾರ್ಡಿಗಾಗಿ ನೂರಿನ್ನೂರು ಕೇಳುವ ಮಧ್ಯವರ್ತಿಗಳಿಗೆ ಹಣವನ್ನೂ ಕೊಡಬೇಡಿ, ಒಟಿಪಿಯನ್ನೂ ಹೇಳಬೇಡಿ.

ಕಾರ್ಡ್ ಆಗಿಲ್ಲವೆಂದು ಚಿಕಿತ್ಸೆಯನ್ನು ಮುಂದೂಡಬೇಕಾಗಿಲ್ಲ. ಪಡಿತರ ಚೀಟಿ ಮತ್ತು ಆಧಾರ್ ಇದ್ದರೆ ಆಸ್ಪತ್ರೆಯಲ್ಲೇ ನೋಂದಣಿ ಮಾಡುತ್ತಾರೆ.

ಮೂರನೆಯ ಹೆಜ್ಜೆ: ಸರ್ಕಾರಿ ಆಸ್ಪತ್ರೆ ಮತ್ತು ರೆಫರಲ್ ಪತ್ರ

ಕರ್ನಾಟಕದ ಯೋಜನೆಯಲ್ಲಿ 1650 ಚಿಕಿತ್ಸಾ ವಿಧಾನಗಳಿವೆ. ಸಾಮಾನ್ಯ ಹೆರಿಗೆಯಂಥ ಸರಳ ದ್ವಿತೀಯ ಹಂತದ (ತಾಲ್ಲೂಕು, ಜಿಲ್ಲಾ ಆಸ್ಪತ್ರೆಯ ಮಟ್ಟದ) ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲು. ಅವನ್ನು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡರೆ ಯೋಜನೆಯಡಿ ಹಣ ಸಿಗುವುದಿಲ್ಲ. ಕ್ಲಿಷ್ಟ ದ್ವಿತೀಯ ಹಂತದ್ದೂ ತೃತೀಯ ಹಂತದ್ದೂ (ದೊಡ್ಡ ತಜ್ಞ ಆಸ್ಪತ್ರೆಗಳಲ್ಲಿ ಮಾಡುವಂಥದ್ದು) ಆದ ಚಿಕಿತ್ಸೆಗಳಿಗೂ ರೋಗಿ ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೇ. ಅಲ್ಲಿ ಆ ಸೌಲಭ್ಯವಿದ್ದರೆ ಅಲ್ಲಿಯೇ ಚಿಕಿತ್ಸೆ. ಇಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನಮ್ಮ ಚಿಕ್ಕಮ್ಮನ ಮಗ ಬಿಟ್ಟುಹೋದ ಹೆಜ್ಜೆ ಇದೇ.

ಈ ನಿಯಮದ ಬಗ್ಗೆ ಗೊಣಗುವವರು ಬಹಳ. ಗೊಣಗಲು ಕಾರಣವೂ ಇದೆ: ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದೆಡೆಗೆ ಎಂದು ಒಂದು ಕಾಗದಕ್ಕಾಗಿ ರೋಗಿಯನ್ನು ಹೊತ್ತು ತಿರುಗುವುದು ಹಿಂಸೆಯೇ ಸರಿ. ಆದರೆ ಇದೇ ನಿಯಮದಿಂದಾಗಿ, ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಮಂಗಳೂರಿನ ವೆನ್ಲಾಕ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸಾರ್ವಜನಿಕ ಸಂಸ್ಥೆಗಳಿಗೆ ರೋಗಿಯ ಜೊತೆ ಯೋಜನೆಯ ಹಣವೂ ಹೋಗುತ್ತದೆ. ನಿಯಮ ಸರಿಯೋ ತಪ್ಪೋ ಎಂಬ ವಾದ ಏನೇ ಇರಲಿ, ಅದು ಜಾರಿಯಲ್ಲಿರುವವರೆಗೆ ಅದನ್ನು ದಾಟಿ ಹೋದವರ ಕೈ ಸುಡುವುದಂತೂ ಖಚಿತ.

"ಅಲ್ಲಿಗೆ ಹೋಗಿ ತೋರಿಸಿಕೊಳ್ಳಿ" ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ರೆಫರಲ್ ದಾಖಲೆಯಲ್ಲಿ ರೋಗಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ, ಕಾಯಿಲೆ ಮತ್ತು ಬೇಕಾದ ಚಿಕಿತ್ಸೆಯನ್ನು ಸ್ಪಷ್ಟವಾಗಿ ಬರೆದಿದ್ದಾರೆಯೇ, ಆ ಸೌಲಭ್ಯ ಅಲ್ಲಿ ಲಭ್ಯವಿಲ್ಲವೆಂಬ ಕಾರಣ, ದಿನಾಂಕ, ವೈದ್ಯರ ಸಹಿ ಮತ್ತು ಮೊಹರು ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಒಂದು ಜೆರಾಕ್ಸ್ ತೆಗೆಸಿ, ಫೋನಿನಲ್ಲಿ ಒಂದು ಫೋಟೊವನ್ನೂ ಇಟ್ಟುಕೊಳ್ಳಿ. ಖಾಸಗಿ ಆಸ್ಪತ್ರೆಯನ್ನು ಆರಿಸುವಾಗ, ಅದು ಯೋಜನೆಯಲ್ಲಿ ನೋಂದಾಯಿತವಾಗಿದೆಯೇ ಎಂಬುದರ ಜೊತೆಗೆ, ನಿಮಗೆ ಬೇಕಾದ ವಿಭಾಗಕ್ಕೂ ನೋಂದಾಯಿತವಾಗಿದೆಯೇ ಎಂದು ಕೇಳಬೇಕು. ಮೂಳೆ ವಿಭಾಗಕ್ಕೆ ಮಾತ್ರ ನೋಂದಾಯಿತವಾದ ಆಸ್ಪತ್ರೆ ನಿಮ್ಮ ಮೂತ್ರಪಿಂಡದ ಚಿಕಿತ್ಸೆಯನ್ನು ಯೋಜನೆಯಡಿ ಮಾಡಲಾರದು. ರಾಜ್ಯದ ಆರೋಗ್ಯ ಸಹಾಯವಾಣಿ 104 ಅಥವಾ ರಾಷ್ಟ್ರೀಯ ಸಹಾಯವಾಣಿ 14555ಕ್ಕೆ ಕರೆ ಮಾಡಿ ವಿಚಾರಿಸಬಹುದು.

ತುರ್ತು ಇದ್ದಾಗ

ಹೃದಯಾಘಾತ, ಅಪಘಾತದಲ್ಲಿ ತಲೆಗೆ ಪೆಟ್ಟು, ತೀವ್ರ ಸುಟ್ಟಗಾಯ ಇಂಥವುಗಳಿಗೆ ರೆಫರಲ್ ಬೇಡ. ತುರ್ತು ಚಿಕಿತ್ಸೆಗಳಿಗೆ ಪ್ರತ್ಯೇಕ ಪಟ್ಟಿಯೇ ಇದೆ. 108ಕ್ಕೆ ಕರೆ ಮಾಡಿ, ಸಾಧ್ಯವಾದರೆ ನೋಂದಾಯಿತ ಆಸ್ಪತ್ರೆಗೇ ಕರೆದೊಯ್ಯುವಂತೆ ಆಂಬುಲೆನ್ಸ್ ಸಿಬ್ಬಂದಿಗೆ ಹೇಳಬೇಕು. ರೋಗಿಯನ್ನು ಒಳಗೆ ಸಾಗಿಸಿದ ಮೇಲೆ ಜೊತೆಯಲ್ಲಿರುವ ಒಬ್ಬರು ಕ್ಯಾಷ್ ಕೌಂಟರಿಗೆ ಹೋಗುವ ಮೊದಲು ಆರೋಗ್ಯ ಮಿತ್ರರ ಬಳಿ ಹೋಗಿ, "ಇದು ಯೋಜನೆಯ ಕೇಸು" ಎಂದು ದಾಖಲಿಸಬೇಕು. ಕಾಗದಗಳು ಮನೆಯಲ್ಲಿದ್ದರೆ ತರಿಸಲು ಅವಕಾಶ ಕೇಳಿ. ಆದರೆ ಬಿಡುಗಡೆಯ ದಿನದವರೆಗೆ ಎಳೆಯಬೇಡಿ.

ಹೊರರಾಜ್ಯದಲ್ಲಿದ್ದಾಗ

ಯೋಜನೆಯ ರಾಷ್ಟ್ರೀಯ ಪಟ್ಟಿಯಲ್ಲಿರುವ ಕುಟುಂಬಗಳು ಯೋಜನೆ ಜಾರಿಯಲ್ಲಿರುವ ಯಾವ ರಾಜ್ಯದಲ್ಲಾದರೂ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಕೂಲಿಗೆಂದು ಗೋವಾಕ್ಕೋ ಮುಂಬೈಗೋ ಹೋಗಿರುವವರಿಗೆ ಇದು ದೊಡ್ಡ ಆಸರೆ. ಗಡಿಯಾಚೆಯ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ: ಕಾಸರಗೋಡಿನವರ ಕಾರ್ಡ್ ಕೇರಳದ ಕಾರುಣ್ಯ ಯೋಜನೆಯದು, ಅಕ್ಕಲಕೋಟೆಯವರದು ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆಯೊಂದಿಗೆ ಸೇರಿದ್ದು. ಅವರು ಮಂಗಳೂರಿಗೋ ಕಲಬುರಗಿಗೋ ಬರುವ ಮುನ್ನ ತಮ್ಮ ರಾಜ್ಯದ ಕಾರ್ಡ್ ಅಲ್ಲಿ ನಡೆಯುವುದೇ ಎಂದು 14555ರಲ್ಲಿ ಖಚಿತಪಡಿಸಿಕೊಳ್ಳಬೇಕು. ಎಪಿಎಲ್ ಕುಟುಂಬಗಳಿಗೆ ಸಿಗುವ ಶೇ. 30ರ ನೆರವು ಕರ್ನಾಟಕ ಸರ್ಕಾರದ ಸ್ವಂತ ಏರ್ಪಾಡು, ಆದ್ದರಿಂದ ಹೊರರಾಜ್ಯದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಆರೋಗ್ಯ ಮಿತ್ರ ಮತ್ತು ಪೂರ್ವಾನುಮತಿ

ನೋಂದಾಯಿತ ಆಸ್ಪತ್ರೆಯಲ್ಲಿ ಯೋಜನೆಯ ಫಲಕವಿರುವ ಒಂದು ಮೇಜು, ಅಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಬೆಳಿಗ್ಗೆ ಅಲ್ಲಿನ ಸಾಲು ದೊಡ್ಡದಿರುತ್ತದೆ. ಕಾರ್ಡ್, ಆಧಾರ್, ಪಡಿತರ ಚೀಟಿ, ರೆಫರಲ್ ಇವುಗಳ ಮೂಲ ಪ್ರತಿ ಮತ್ತು ಎರಡೆರಡು ಜೆರಾಕ್ಸ್ ಒಂದೇ ಕಡತದಲ್ಲಿರಲಿ. ಅವರು ರೋಗಿಯ ಗುರುತನ್ನು ದೃಢೀಕರಿಸಿ, ಫೋಟೊ ತೆಗೆದು, ಕುಟುಂಬದ ಖಾತೆಯಲ್ಲಿ ಎಷ್ಟು ಮೊತ್ತ ಉಳಿದಿದೆ ಎಂಬುದನ್ನು ನೋಡುತ್ತಾರೆ. ನಂತರ ಆಸ್ಪತ್ರೆಯು ವರದಿಗಳನ್ನು ಸೇರಿಸಿ ಟ್ರಸ್ಟಿಗೆ ಪೂರ್ವಾನುಮತಿಯ ಕೋರಿಕೆ ಕಳುಹಿಸುತ್ತದೆ. ಅನುಮತಿ ಬಂದ ಮೇಲೆಯೇ ಯೋಜನೆಯಡಿ ಚಿಕಿತ್ಸೆ ಆರಂಭ. ತುರ್ತು ಪ್ರಕರಣಗಳಿಗೆ ಮಾತ್ರ ಬೇರೆ ವ್ಯವಸ್ಥೆ.

"ಅನುಮತಿ ನಾಳೆ ಬರುತ್ತದೆ, ಈಗ ಕಟ್ಟಿಬಿಡಿ" ಎಂಬ ಮಾತು ಕಿವಿಗೆ ಬಿದ್ದರೆ ಎಚ್ಚರ. ಯಾವ ಚಿಕಿತ್ಸೆಗೆ, ಎಷ್ಟು ಮೊತ್ತಕ್ಕೆ ಕೋರಿಕೆ ಹೋಗಿದೆ, ಪ್ರಶ್ನೆ ಕೇಳಿ ಹಿಂದಿರುಗಿಸಿದ್ದಾರೆಯೇ ಎಂದು ಆರೋಗ್ಯ ಮಿತ್ರರನ್ನು ಕೇಳಿ, ನೋಂದಣಿ ಸಂಖ್ಯೆಯನ್ನು ಬರೆದುಕೊಳ್ಳಿ. ಅನೇಕ ಸಲ ಒಂದು ಸ್ಕ್ಯಾನ್ ವರದಿ ಸೇರಿಸದೆ ಬಿಟ್ಟಿರುವುದರಿಂದಲೇ ಅದು ನಿಂತಿರುತ್ತದೆ.

ಐದನೆಯ ಹೆಜ್ಜೆ: ಹಣ ಕೇಳಿದರೆ

ಬಿಪಿಎಲ್ ರೋಗಿಗೆ ಪ್ಯಾಕೇಜಿನೊಳಗೆ ಸಾಮಾನ್ಯ ವಾರ್ಡಿನ ಹಾಸಿಗೆ, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕ, ಅರಿವಳಿಕೆ, ತೀವ್ರ ನಿಗಾ ಘಟಕ, ಅಳವಡಿಸುವ ಸಾಧನಗಳು, ಔಷಧಿ, ಪರೀಕ್ಷೆಗಳು, ರೋಗಿಯ ಊಟ ಎಲ್ಲವೂ ಸೇರಿವೆ. ದಾಖಲಾಗುವ ಮುಂಚಿನ ಮೂರು ದಿನಗಳ ಪರೀಕ್ಷೆ, ಔಷಧಿಗಳೂ ಸೇರುತ್ತವೆ, ಆದರೆ ಆ ಪರೀಕ್ಷೆಯ ಮುಂದುವರಿಕೆಯಾಗಿ ದಾಖಲಾಗಿ ಚಿಕಿತ್ಸೆ ನಡೆದರೆ ಮಾತ್ರ. ಆದ್ದರಿಂದ "ಆಪರೇಷನ್ ಉಚಿತ, ಔಷಧಿ ಮಾತ್ರ ಹೊರಗಿನಿಂದ ತನ್ನಿ" ಎಂಬುದು ಒಪ್ಪತಕ್ಕ ಮಾತಲ್ಲ. ಸ್ಪೆಷಲ್ ವಾರ್ಡ್ ಬೇಕೆಂದು ನಾವೇ ಕೇಳಿಕೊಂಡರೆ ಲೆಕ್ಕ ಬದಲಾಗುತ್ತದೆ ಎಂಬುದೂ ನೆನಪಿರಲಿ.

ಹಣ ಕೇಳಿದಾಗ ಜಗಳಕ್ಕೆ ನಿಲ್ಲುವುದರಿಂದ ರೋಗಿಗೇ ತೊಂದರೆ. ಯಾವುದಕ್ಕಾಗಿ ಎಂದು ಬರೆದುಕೊಡಲು ಕೇಳಿ. ಬಹಳಷ್ಟು ಬೇಡಿಕೆಗಳು ಅಲ್ಲಿಗೇ ತಣ್ಣಗಾಗುತ್ತವೆ. ಕಟ್ಟಲೇಬೇಕಾಗಿ ಬಂದರೆ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಏಕೆಂದರೆ ನಂತರದ ದೂರಿಗೆ ಅದೊಂದೇ ಸಾಕ್ಷಿ. ಮೊದಲು ಆರೋಗ್ಯ ಮಿತ್ರರಿಗೆ, ಬಳಿಕ ಜಿಲ್ಲೆಯಲ್ಲಿರುವ ಟ್ರಸ್ಟಿನ ಸಂಯೋಜಕರಿಗೆ ತಿಳಿಸಬೇಕು. 104 ಅಥವಾ 14555ರಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಅಲ್ಲಿಯೂ ಪರಿಹಾರವಾಗದಿದ್ದರೆ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ರಸೀದಿ, ರೆಫರಲ್ ಮತ್ತು ಅನುಮತಿಯ ಪ್ರತಿಗಳೊಂದಿಗೆ ಲಿಖಿತ ದೂರು ಕೊಡಬಹುದು. ದೂರನ್ನು ಆಸ್ಪತ್ರೆಯಲ್ಲಿ ಇರುವಾಗಲೇ ಕೊಟ್ಟರೆ ಅದರ ತೂಕವೇ ಬೇರೆ.

ಬಿಡುಗಡೆಯ ದಿನ

ಹೊರಡುವ ಮುನ್ನ ರೋಗಿಯ ಗುರುತನ್ನು ಮತ್ತೊಮ್ಮೆ ದೃಢೀಕರಿಸುತ್ತಾರೆ, ಆದ್ದರಿಂದ ರೋಗಿಯನ್ನು ಕಾರಿನಲ್ಲಿ ಕೂರಿಸಿ ಕಾಗದಕ್ಕಾಗಿ ಒಬ್ಬರೇ ಹೋಗಬೇಡಿ. ಅಭಿಪ್ರಾಯ ಪತ್ರಕ್ಕೆ ಸಹಿ ಹಾಕುವಾಗ ಅದರಲ್ಲಿ 'ಯಾವುದೇ ಹಣ ಪಡೆದಿಲ್ಲ' ಎಂದಿದೆಯೇ ಎಂಬುದನ್ನು ಓದಿಯೇ ಸಹಿ ಮಾಡಿ. ಹಣ ಕೊಟ್ಟಿದ್ದರೆ ಮೊತ್ತವನ್ನು ಅಲ್ಲಿಯೇ ಬರೆಯಿರಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಹೆಸರು, ಮಾಡಿದ ಚಿಕಿತ್ಸೆ, ಮುಂದಿನ ಭೇಟಿಯ ದಿನಾಂಕ ಸರಿಯಾಗಿವೆಯೇ ನೋಡಿಕೊಳ್ಳಬೇಕು.

ಬಿಡುಗಡೆಯ ನಂತರದ 15 ದಿನಗಳ ಔಷಧಿ ಮತ್ತು ಮರುಪರೀಕ್ಷೆಯೂ ಪ್ಯಾಕೇಜಿನಲ್ಲೇ ಸೇರಿದೆ. ಇದನ್ನು ಕೇಳಿ ಪಡೆಯುವವರು ಕಡಿಮೆ. ಹೊರಗಿನ ಮೆಡಿಕಲ್ ಶಾಪಿನ ಚೀಟಿ ಹಿಡಿದು ಹೊರಟುಬಿಡುತ್ತಾರೆ. ವಾರ್ಡ್ ಬಿಡುವ ಮುಂಚೆಯೇ ಆ 15 ದಿನಗಳ ಮಾತ್ರೆಗಳನ್ನು ಆಸ್ಪತ್ರೆಯ ಔಷಧಾಲಯದಿಂದ ಎಣಿಸಿ ಪಡೆದು, ಡಿಸ್ಚಾರ್ಜ್ ಸಾರಾಂಶದಲ್ಲಿರುವ ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿಕೊಂಡು ಹೊರಡಿ.